ಮೂಗಿಗೆ ದಕ್ಕದ್ದು ಹಲ್ಲಿಗೆ ದಕ್ಕಲಿ

ದಮ್ ಬಿರಿಯಾನಿಯ ಹಂಡೆಗೆ ಮೆತ್ತಿದ ಕಣಕದ ಮುದ್ರೆ ಒಡೆದರೆ ಹೈದರಾಬಾದಿನಲ್ಲಿ ಅರ್ಧ ಓಣಿಗೆ ಸುದ್ದಿ ಮುಟ್ಟುತ್ತದೆ. ಮೂಗು ಕೆಲಸ ಮಾಡದವರಿಗೆ ಮಾತ್ರ ಆ ಸುದ್ದಿ ಬರುವುದಿಲ್ಲ. ಅವರ ತಟ್ಟೆಗೆ ಬೀಳುವುದು ಉಪ್ಪು, ಖಾರ ಹಿಡಿದ ಮೆತ್ತನೆಯ ಅನ್ನ, ಅದರೊಳಗೆ ಅಷ್ಟೇ ಮೆತ್ತಗೆ ಬೆಂದ ಮಾಂಸ. ಏಲಕ್ಕಿ, ಕೇಸರಿ, ಕೇವಡಾ, ಶಾಹಿ ಜೀರಾ ಎಂದು ಅಡುಗೆಯವನು ಸುರಿದದ್ದೆಲ್ಲ ಅವರ ಪಾಲಿಗೆ ಲೆಕ್ಕಕ್ಕಿಲ್ಲ. ಈ ಊರಿನ ಅಡುಗೆ ಅಭಿಮಾನ ಪಡುವುದು ಹೆಚ್ಚಾಗಿ ಘಮದ ಮೇಲೆ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ರಂಜಾನ್ ತಿಂಗಳ ಹಲೀಮ್ ಎಲ್ಲವೂ ಬಾಯಿಗೆ ಬರುವ ಮೊದಲು ಮೂಗಿನಿಂದಲೇ ಗಿರಾಕಿಯನ್ನು ಎಳೆಯುವ ತಿನಿಸುಗಳು.

ವಾಸನೆ ಹೋದವರು ಎಂದರೆ ಎಲ್ಲೋ ಒಬ್ಬಿಬ್ಬರು ಎಂದು ಮೊದಲು ಅಂದುಕೊಂಡಿದ್ದೆವು. 2020ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೋವಿಡ್ ಲಕ್ಷಣಗಳ ಪಟ್ಟಿಗೆ ವಾಸನೆ, ರುಚಿ ಹೋಗುವುದನ್ನೂ ಸೇರಿಸಿದ ಮೇಲೆ ಅದು ಮನೆಮನೆಯ ಮಾತಾಯಿತು. ಬಹುತೇಕರಿಗೆ ಕೆಲವು ವಾರಗಳಲ್ಲಿ ಮರಳಿತು, ಕೆಲವರಿಗೆ ಇನ್ನೂ ಪೂರ್ತಿ ಮರಳಿಲ್ಲ. ಕೋವಿಡ್ ಒಂದೇ ಕಾರಣವಲ್ಲ. ಮೂಗಿನೊಳಗೆ ಬೆಳೆಯುವ ಪಾಲಿಪ್, ಹಳೆಯ ಸೈನಸ್ ತೊಂದರೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದದ್ದು, ವಯಸ್ಸು, ಇವೂ ಕಾರಣಗಳೇ. ಹುಟ್ಟಿನಿಂದಲೇ ವಾಸನೆ ಇಲ್ಲದವರೂ ಇದ್ದಾರೆ. ಅವರಲ್ಲಿ ಅನೇಕರಿಗೆ ಶಾಲೆಗೆ ಹೋಗುವ ವಯಸ್ಸಾಗುವವರೆಗೆ ತಮಗೇನು ಇಲ್ಲ ಎಂಬುದೇ ತಿಳಿದಿರುವುದಿಲ್ಲ. ಮಲ್ಲಿಗೆ ಮೂಸಿ 'ಆಹಾ' ಎನ್ನುವುದನ್ನು ಅವರು ಒಂದು ಶಿಷ್ಟಾಚಾರ ಎಂದೇ ತಿಳಿದಿರುತ್ತಾರೆ.

ಇಂಥವರಿಗೆ ಕಷ್ಟದ ಊಟವೆಂದರೆ ಮಧ್ಯಾಹ್ನದ್ದು. ಬೆಳಿಗ್ಗೆ ಹಸಿವು ಊಟ ಮಾಡಿಸುತ್ತದೆ, ರಾತ್ರಿ ಮನೆಯವರ ಮಾತು ಮಾಡಿಸುತ್ತದೆ. ಮಧ್ಯಾಹ್ನ ಮಾದಾಪುರದ ಕಚೇರಿಯಲ್ಲೋ ಖಾಲಿ ಮನೆಯಲ್ಲೋ ಒಬ್ಬರೇ ಡಬ್ಬಿ ಬಿಚ್ಚಿದಾಗ ಆವಿಗೆ ಮೆತ್ತಗಾದ ಚಪಾತಿ, ಮೆತ್ತನೆಯ ಪಲ್ಯ, ಮೆತ್ತನೆಯ ಅನ್ನ. ನಾಲ್ಕು ತುತ್ತಿಗೆ ಸಾಕೆನಿಸುತ್ತದೆ. ಕೆಲವರು ಹೀಗೆಯೇ ತೂಕ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಏನಾದರೂ ರುಚಿ ಸಿಕ್ಕೀತೆಂದು ಉಪ್ಪು, ಸಕ್ಕರೆ ಏರಿಸುತ್ತಾ ಹೋಗಿ ಬೇರೆ ತೊಂದರೆ ತಂದುಕೊಳ್ಳುತ್ತಾರೆ. ಘಮಕ್ಕೆ ಖರ್ಚಾಗುವ ಹೊತ್ತು, ದುಡ್ಡು, ಎಣ್ಣೆ ಎಲ್ಲವನ್ನೂ ಎತ್ತಿ ಕರಕರಕ್ಕೆ, ಹುಳಿಗೆ, ಬಿಸಿ-ತಂಪಿಗೆ ಹಾಕಿ ಎಂಬುದೊಂದೇ ನನ್ನ ಸಲಹೆ. ಹಾಗೆ ಮಾಡಲು ಬೇಕಾದ ಸಾಮಾನು ಕನ್ನಡ ಮನೆಗಳಲ್ಲಿ, ತೆಲಂಗಾಣದ ಮನೆಗಳಲ್ಲಿ ಮೊದಲಿನಿಂದಲೂ ಇದೆ.

ನಾಲಗೆ ಹೋಗಿಲ್ಲ

'ಬಾಯಿರುಚಿಯೇ ಹೋಗಿದೆ' ಎನ್ನುವವರಲ್ಲಿ ಹೆಚ್ಚಿನವರ ನಾಲಗೆ ಸರಿಯಾಗಿಯೇ ಇರುತ್ತದೆ. ಮನೆಯವರಿಗೆ ಇದನ್ನು ತಿಳಿಸಲು ಒಂದು ಚಮಚ ಸೋಂಪು ಸಾಕು. ಮೂಗನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಸೋಂಪು ಅಗಿಯಲು ಹೇಳಿ. ತುಸು ಸಿಹಿ, ನಾರುನಾರು, ಅಷ್ಟೆ. ಅಗಿಯುತ್ತಿರುವಾಗಲೇ ಮೂಗು ಬಿಡಲಿ, ಸೋಂಪು ಆಗ ಸೋಂಪಾಗುತ್ತದೆ. ಬಾಯೊಳಗಿನ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುವ ದಾರಿ ಅದು. ಆ ದಾರಿ ಮುಚ್ಚಿದವರ ಊಟ ಹೇಗಿರುತ್ತದೆ ಎಂಬುದು ಆ ಒಂದು ಕ್ಷಣದಲ್ಲಿ ಅಡುಗೆ ಮಾಡುವವರಿಗೆ ಗೊತ್ತಾಗಿಬಿಡುತ್ತದೆ. 'ಇಷ್ಟು ಚೆನ್ನಾಗಿ ಮಾಡಿದರೂ ಮೂತಿ ತಿರುಗಿಸ್ತಾರೆ' ಎಂಬ ಮುನಿಸೂ ಅರ್ಧ ಇಳಿಯುತ್ತದೆ.

ಉಳಿದಿರುವ ಬಂಡವಾಳ ಸಣ್ಣದಲ್ಲ. ಸಿಹಿ, ಉಪ್ಪು, ಹುಳಿ, ಕಹಿ ನಾಲಗೆಯವೇ. ಐದನೆಯದು ಉಮಾಮಿ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲ ಪಾಚಿಯ ಸಾರಿನಲ್ಲಿ ಗುರುತಿಸಿದ ಈ ರುಚಿ ನಮ್ಮಲ್ಲಿ ಚೆನ್ನಾಗಿ ಹಣ್ಣಾದ ಟೊಮೆಟೊ, ಅಣಬೆ, ಒಣಸೀಗಡಿಗಳಲ್ಲಿದೆ. ಇವೆಲ್ಲದರ ಜೊತೆಗೆ ಮುಖದ ನರವೊಂದು ಕೆಲಸ ಮಾಡುತ್ತದೆ. ಮೆಣಸಿನಕಾಯಿಯ ಉರಿ, ಶುಂಠಿಯ ಚುರುಕು, ಸಾಸಿವೆ ನೆತ್ತಿಗೇರುವುದು, ಸೋಡಾದ ಚುಚ್ಚುವಿಕೆ, ಇವು ವಾಸನೆಯೂ ಅಲ್ಲ ರುಚಿಯೂ ಅಲ್ಲ, ಸ್ಪರ್ಶದ ಬಳಗದವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ಎಬ್ಬಿಸುವ ಗ್ರಾಹಕ, ಸುಮಾರು 43 ಡಿಗ್ರಿಗಿಂತ ಬಿಸಿಯಾದದ್ದು ತಗುಲಿದರೂ ಏಳುವಂಥದ್ದು. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು, ಸ್ಪರ್ಶದ ಗ್ರಾಹಕಗಳನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಜೊತೆಗೆ. ಅಡುಗೆಮನೆಗೆ ಇದರ ಪ್ರಯೋಜನ ನೇರವಾದದ್ದು. ಅದೇ ಖಾರ ಬಿಸಿ ಸಾರಿನಲ್ಲಿ ಹೆಚ್ಚು ಉರಿಯುತ್ತದೆ, ತಣ್ಣನೆಯ ಮೊಸರಿನಲ್ಲಿ ಇಳಿಯುತ್ತದೆ. ಖಾರದ ಪುಡಿ ಹೆಚ್ಚಿಸದೆಯೇ ಬಡಿಸುವ ಬಿಸಿಯಿಂದಲೇ ಖಾರ ಏರಿಸಬಹುದು.

ಇನ್ನುಳಿದದ್ದು ಹಲ್ಲು ಮತ್ತು ಕಿವಿ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಝಾಂಪಿನಿ, ಆಲೂಗಡ್ಡೆ ಚಿಪ್ಸ್ ಅಗಿಯುವವರಿಗೆ ಅವರದೇ ಅಗಿಯುವ ಸದ್ದನ್ನು ಹೆಡ್‌ಫೋನಿನಲ್ಲಿ ತುಸು ಏರಿಸಿ ಕೇಳಿಸಿದರು. ಅದೇ ಚಿಪ್ಸ್ ಅವರಿಗೆ ಇನ್ನಷ್ಟು ಗರಿಗರಿ, ಇನ್ನಷ್ಟು ತಾಜಾ ಅನಿಸಿತು. 2004ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2008ರಲ್ಲಿ ನಗೆಚಾಟಿಕೆಯ ಇಗ್ ನೊಬೆಲ್ ಬಂತು. ನಗು ಬದಿಗಿಡಿ. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಊಟ ಮಾಡುವ ಅಭ್ಯಾಸವನ್ನು ವಾಸನೆ ಇಲ್ಲದವರು ಮೊದಲು ಬಿಡಬೇಕು. ಹಪ್ಪಳ ಮುರಿಯುವ ಸದ್ದು ಅವರ ಪಾಲಿಗೆ ಊಟದ ಒಂದು ಭಾಗವೇ.

ಅಮೆರಿಕದ ವರ್ಮಾಂಟ್‌ನಲ್ಲಿ 1978ರಲ್ಲಿ ಗೆಳೆಯನೊಂದಿಗೆ ಐಸ್‌ಕ್ರೀಮ್ ಅಂಗಡಿ ತೆರೆದ ಬೆನ್ ಕೊಹೆನ್ ಅವರಿಗೂ ವಾಸನೆ ಅಷ್ಟಕ್ಕಷ್ಟೆ. ಬಾಯಿಗೆ ಏನಾದರೂ ಸಿಗಬೇಕೆಂದು ಅವರು ಐಸ್‌ಕ್ರೀಮಿಗೆ ಬಿಸ್ಕತ್ತು, ಚಾಕೊಲೆಟ್, ಬೀಜಗಳ ದಪ್ಪ ತುಂಡುಗಳನ್ನು ಸೇರಿಸುತ್ತಾ ಹೋದರು. 'ಬೆನ್ ಅಂಡ್ ಜೆರ್ರಿಸ್' ಲೋಕಪ್ರಸಿದ್ಧವಾದದ್ದು ಆ ತುಂಡುಗಳಿಂದಲೇ.

ರೊಟ್ಟಿಯಿಂದ ಶುರು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ಆ ಕಡೆಯಿಂದ ಬಂದು ಈ ಊರಲ್ಲೇ ಬೇರುಬಿಟ್ಟ ಮನೆಗಳು ಇಲ್ಲೇ ಉಳಿದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಸುತ್ತ ಓಡಾಡಿದವರ ಅಡುಗೆಮನೆಯಲ್ಲಿ ಜೋಳದ ರೊಟ್ಟಿಯೂ ಇದೆ, ತೆಲಂಗಾಣದ ಸರ್ವಪಿಂಡಿಯೂ ಇದೆ. ಈ ಲೇಖನಕ್ಕೆ ಅದು ದೊಡ್ಡ ಅನುಕೂಲ.

ಖಡಕ್ ರೊಟ್ಟಿ ಇದ್ದರೆ ಅರ್ಧ ಊಟ ಆದಂತೆ. ಇಲ್ಲದಿದ್ದರೆ ಸಂಜೆ ರಸ್ತೆ ಬದಿಯಲ್ಲಿ ಒಲೆ ಹೂಡಿ ಜೊನ್ನ ರೊಟ್ಟೆ ಬಡಿಯುವವರಿಂದ ನಾಲ್ಕು ರೊಟ್ಟಿ ತನ್ನಿ. ಎರಡನ್ನು ರಾತ್ರಿ ಬಿಸಿಬಿಸಿ ತಿನ್ನಿ. ಇನ್ನೆರಡನ್ನು ಸಣ್ಣ ಉರಿಯಲ್ಲಿ ಹಂಚಿನ ಮೇಲಿಟ್ಟು, ಬಟ್ಟೆಯಿಂದ ಒತ್ತುತ್ತಾ, ತಿರುವುತ್ತಾ ನೀರೆಲ್ಲ ಹಾರುವವರೆಗೆ ಬಿಡಿ. ಬೆರಳಿನಿಂದ ತಟ್ಟಿದರೆ ಟಕ್ ಎನ್ನಬೇಕು. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಕೆಲಸ ಕೆಟ್ಟಿತು.

ಮರುದಿನ ಮಧ್ಯಾಹ್ನ ಹತ್ತೇ ನಿಮಿಷ. ಎರಡು ರೊಟ್ಟಿ ಎರಡು ಬೆರಳಗಲದ ಚೂರಾಗಿ ಮುರಿಯಿರಿ. ಮೊಳಕೆ ಹೆಸರುಕಾಳು ಒಂದು ಹಿಡಿ, ಈರುಳ್ಳಿ, ಸೌತೆಕಾಯಿ, ಸಿಕ್ಕ ಕಾಲಕ್ಕೆ ಮಾವಿನಕಾಯಿ ಇವನ್ನು ಹೆಚ್ಚಿ ಹಾಕಿ. ತುರಿಯಬೇಡಿ. ತುರಿದರೆ ನೀರು ಬಿಟ್ಟು ಎಲ್ಲ ಒಂದೇ ಮುದ್ದೆ. ಶೇಂಗಾ ಹಿಂಡಿ ಎರಡು ಚಮಚ, ನಿಂಬೆಹುಳಿ, ಉಪ್ಪು. ಕಲಸಿದ ಮೇಲೆ ಒಂದು ಬದಿಗೆ ಫ್ರಿಜ್‌ನಿಂದ ತೆಗೆದ ಗಟ್ಟಿ ಮೊಸರು. ಇದನ್ನು ತಿನ್ನುವಾಗ ಗಮನಿಸಿ: ಮೊದಲ ತುತ್ತಿಗೆ ರೊಟ್ಟಿ ಒಡೆಯುತ್ತದೆ, ನಾಲ್ಕನೆಯದಕ್ಕೆ ಅಂಚು ಮಾತ್ರ ಗಟ್ಟಿ, ಕೊನೆಗೆ ಹುಳಿ ಹೀರಿ ಅಗಿಯುವಂತಾಗುತ್ತದೆ. ಒಂದೇ ತಟ್ಟೆಯಲ್ಲಿ ಮೂರು ಊಟ. ಶೇಂಗಾ ಹಿಂಡಿಯ ಬದಲು ಗುರೆಳ್ಳು ಹಿಂಡಿ ಹಾಕಿದರೆ ಮರಳುಮರಳಾಗಿ ಹಲ್ಲಿಗೆ ಇನ್ನಷ್ಟು ಸಿಗುತ್ತದೆ, ನನ್ನ ಮತ ಅದಕ್ಕೇ. ಅಗಸಿ ಹಿಂಡಿ ಹಸಿಯಾದೊಡನೆ ಲೋಳೆಯಾಗುತ್ತದೆ, ಇಲ್ಲಿಗೆ ಬೇಡ. ಒಣ ರೊಟ್ಟಿಗೆ ಎಣ್ಣೆಯೊಡನೆ ಹಚ್ಚಿಕೊಳ್ಳಲು ಅದು ಸರಿ.

ಇದೇ ಲೆಕ್ಕ ಮಂಡಕ್ಕಿಗೂ ನಡೆಯುತ್ತದೆ. ಗಿರ್ಮಿಟ್ಟಿನ ಮಸಾಲೆಯನ್ನು ಬೆಳಿಗ್ಗೆ ಮಾಡಿ ಒಂದು ಡಬ್ಬಿಯಲ್ಲಿ, ಮಂಡಕ್ಕಿ ಇನ್ನೊಂದರಲ್ಲಿ, ಕಲಸುವುದು ತಿನ್ನುವ ಹೊತ್ತಿಗೆ. ಹುರಿಗಡಲೆ ಪುಡಿಯನ್ನು ಇಡಿಯಾಗಿ ನುಣ್ಣಗೆ ಮಾಡದೆ ಅರ್ಧ ತರಿತರಿಯಾಗಿ ಉಳಿಸಿ. ಹೊಟ್ಟೆ ತುಂಬಲು ಬೇಯಿಸಿದ ಕಡಲೆಕಾಳೋ ಮೊಟ್ಟೆಯೋ ಜೊತೆಗಿರಲಿ.

ಒಂದು ಬದಿ ಗರಿಗರಿ, ಇನ್ನೊಂದು ಬದಿ ಮೆತ್ತಗೆ

ಸರ್ವಪಿಂಡಿ ತೆಲಂಗಾಣದ ಹಳ್ಳಿಮನೆಗಳ ತಿಂಡಿ. ತಪಾಲ ಚೆಕ್ಕ, ಗಿನ್ನಪ್ಪ ಎಂದೂ ಕರೆಯುತ್ತಾರೆ. ನಮ್ಮ ಅಕ್ಕಿರೊಟ್ಟಿಯ ಸೋದರಸಂಬಂಧಿ ಎನ್ನಬಹುದಾದರೂ ಬೇಯಿಸುವ ಕ್ರಮ ಬೇರೆ, ನಮಗೆ ಬೇಕಾದದ್ದು ಆ ಕ್ರಮವೇ. ಗುಂಡು ತಳದ ಪಾತ್ರೆಯೊಳಗೆ ಹಿಟ್ಟನ್ನು ತಟ್ಟಿ, ಮುಚ್ಚಿ ಬೇಯಿಸುತ್ತಾರೆ, ಮಗುಚುವುದಿಲ್ಲ. ಪಾತ್ರೆಗೆ ಅಂಟಿದ ಬದಿ ಎಣ್ಣೆಯಲ್ಲಿ ಕೆಂಪಗಾಗಿ ಒಡೆಯುವಂತಾಗುತ್ತದೆ, ಮೇಲಿನ ಬದಿ ಆವಿಯಲ್ಲಿ ಬೆಂದು ಮೃದುವಾಗಿರುತ್ತದೆ. ನಡುವೆ ಶೇಂಗಾ ಚೂರು, ನೆನೆದ ಕಡಲೆಬೇಳೆ, ಎಳ್ಳು.

ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಗಂಟೆ ನೆನೆಸಿದ ಕಡಲೆಬೇಳೆ ಎರಡು ಚಮಚ, ಹುರಿದು ತರಿಯಾಗಿ ಕುಟ್ಟಿದ ಶೇಂಗಾ ಒಂದು ಹಿಡಿ, ಎಳ್ಳು ಎರಡು ಚಮಚ, ಈರುಳ್ಳಿ ಸೊಪ್ಪು, ಹಸಿಮೆಣಸಿನಕಾಯಿ-ಬೆಳ್ಳುಳ್ಳಿ ಕುಟ್ಟಿದ್ದು, ಉಪ್ಪು. ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ. ದಪ್ಪ ತಳದ ಬಾಣಲೆಗೆ ಎಣ್ಣೆ ಸವರಿ, ಒಲೆ ಹಚ್ಚುವ ಮೊದಲೇ ಹಿಟ್ಟನ್ನು ಕಾಲಿಂಚು ದಪ್ಪಕ್ಕೆ ತಟ್ಟಿ. ಬೆರಳಿನಿಂದ ಐದಾರು ತೂತು ಮಾಡಿ, ಪ್ರತಿ ತೂತಿಗೂ ನಾಲ್ಕು ಹನಿ ಎಣ್ಣೆ ಬಿಡಿ. ಎಣ್ಣೆ ಕೆಳಗಿಳಿದು ತಳವನ್ನು ಹುರಿಯುವುದು ಆ ತೂತುಗಳಿಂದ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ಕೊನೆಯ ಮೂರು ನಿಮಿಷ ಮುಚ್ಚಳ ತೆಗೆದು. ಸೀದ ವಾಸನೆ ನಿಮ್ಮನ್ನು ಎಚ್ಚರಿಸುವುದಿಲ್ಲ, ಆದ್ದರಿಂದ ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಎರಡನೆಯದನ್ನು ತಟ್ಟಲು ಬಾಣಲೆ ತಣ್ಣಗಾಗಬೇಕು. ಆತುರವಿದ್ದರೆ ಎರಡು ಬಾಣಲೆ ಇಟ್ಟುಕೊಳ್ಳುವುದೊಂದೇ ದಾರಿ. ಹಿಂದಿನ ರಾತ್ರಿ ಒಣಸಾಮಾನನ್ನೆಲ್ಲ ಬೆರೆಸಿಟ್ಟು, ಕಡಲೆಬೇಳೆಯನ್ನು ಮೊದಲೇ ನೆನೆಹಾಕಿದ್ದರೆ ಮಧ್ಯಾಹ್ನ ಇಪ್ಪತ್ತು ನಿಮಿಷದ ಕೆಲಸ.

ಜೊತೆಗೆ ಪಚ್ಚಿ ಪುಲುಸು ಕುಡಿಯಿರಿ. ಒಲೆಯ ಮೇಲೆ ಕುದಿಸದ ತೆಲಂಗಾಣದ ಹುಳಿಸಾರು ಅದು. ಹುಣಸೆ ನೀರು, ಹಸಿ ಈರುಳ್ಳಿ, ಸುಟ್ಟ ಹಸಿಮೆಣಸಿನಕಾಯಿಯನ್ನು ಉಪ್ಪಿನೊಡನೆ ಕೈಯಲ್ಲಿ ಹಿಸುಕಿ, ಚೂರು ಬೆಲ್ಲ, ಹುರಿದ ಎಳ್ಳಿನ ಪುಡಿ. ಹೊಗೆಯಾಡುವ ಅನ್ನಕ್ಕೆ ತಣ್ಣನೆಯ ಪಚ್ಚಿ ಪುಲುಸು ಸುರಿದು ತಿಂದರೆ ಒಂದೇ ತುತ್ತಿನಲ್ಲಿ ಬಿಸಿ, ತಣ್ಣಗೆ, ಹುಳಿ, ಖಾರ, ಕಟುಂ ಎನ್ನುವ ಈರುಳ್ಳಿ. ಇದರಲ್ಲಿ ಮೂಗಿಗೆ ಹೆಚ್ಚೇನೂ ಕೆಲಸವಿಲ್ಲ. ವಾಸನೆ ಇರುವವರೂ ಇಲ್ಲದವರೂ ಹೆಚ್ಚುಕಡಿಮೆ ಒಂದೇ ಊಟ ಉಣ್ಣುವ ಅಪರೂಪದ ಅಡುಗೆಗಳಲ್ಲಿ ಇದೊಂದು.

ಹೈದರಾಬಾದಿನ ಮುಸ್ಲಿಂ ಮನೆಗಳ ಖಿಚಡಿ-ಖಟ್ಟಾ ಕೂಡ ಇದೇ ಜಾಣತನದ್ದು. ಅಲ್ಲಿ ಅದು ಬೆಳಗಿನ ಊಟ, ಮಧ್ಯಾಹ್ನಕ್ಕೆ ಎಳೆದುಕೊಂಡರೆ ಯಾರೂ ಬೇಡವೆನ್ನರು. ಅಕ್ಕಿ ಮತ್ತು ಮಸೂರ್ ಬೇಳೆಯ ಖಿಚಡಿಯನ್ನು ಉದುರುದುರಾಗಿ ಬೇಯಿಸಿ, ಗಂಜಿಯಂತಾಗಬಾರದು. ಹುರಿದ ಎಳ್ಳು, ಶೇಂಗಾ ರುಬ್ಬಿ ಹುಣಸೆ ನೀರಿಗೆ ಬೆರೆಸಿ, ಹಸಿ ಈರುಳ್ಳಿ, ಹಸಿಮೆಣಸು ಹಾಕಿದರೆ ಖಟ್ಟಾ. ಪಕ್ಕದಲ್ಲಿ ಖೀಮಾ, ಮೇಲೆ ಸುಟ್ಟ ಪಾಪಡ್. ಸಸ್ಯಾಹಾರಿಗಳು ಖೀಮಾದ ಜಾಗಕ್ಕೆ ಅಣಬೆಯನ್ನು ನೀರಾರುವಂತೆ ಹುರಿದು ಹಾಕಿಕೊಳ್ಳಲಿ.

ಒಗ್ಗರಣೆಯ ಲೆಕ್ಕಾಚಾರ

ಇಂಗು, ತುಪ್ಪ, ಕೊತ್ತಂಬರಿ ಸೊಪ್ಪು, ಗರಂ ಮಸಾಲೆ ಇವುಗಳ ಬಹುಪಾಲು ಕೆಲಸ ಮೂಗಿನಲ್ಲೇ ಮುಗಿಯುತ್ತದೆ. ಒಬ್ಬರಿಗೇ ಮಾಡಿಕೊಳ್ಳುವ ದಿನ ಬಿಟ್ಟರೂ ನಷ್ಟವಿಲ್ಲ. ಕಡಲೆಬೇಳೆ, ಉದ್ದಿನಬೇಳೆ, ಶೇಂಗಾ, ಕರಿಬೇವು ಮಾತ್ರ ಇರಲಿ. ಅವನ್ನು ಗರಿಗರಿಯಾಗಿ ಹುರಿದು ಬೇರೆ ಬಟ್ಟಲಲ್ಲಿಟ್ಟು ತಿನ್ನುವಾಗ ಮೇಲೆ ಉದುರಿಸಬೇಕು. ಒಗ್ಗರಣೆಯನ್ನು ಪಲ್ಯದೊಳಗೆ ಕಲಸಿ ಮುಚ್ಚಿಟ್ಟರೆ ಮಧ್ಯಾಹ್ನಕ್ಕೆ ಅದೂ ಮೆತ್ತಗೆ. ಬೆಳ್ಳುಳ್ಳಿ ಹಸಿಯಾಗಿ ಚುಚ್ಚುತ್ತದೆ, ಹುರಿದರೆ ಕರಕರ ಎನ್ನುತ್ತದೆ, ಸುಮ್ಮನೆ ಬೇಯಿಸಿದರೆ ಎರಡೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಣ್ಣಿಗೆ, ಗುಂಟೂರಿನದರ ಉರಿ ನಾಲಗೆಗೆ. ಎರಡನ್ನೂ ಬೆರೆಸಿ ಪುಡಿ ಮಾಡಿಟ್ಟುಕೊಳ್ಳಿ. ಪುದೀನದಿಂದ ತಂಪು ಸಿಗುತ್ತದೆಂದು ಹಲವರು ನಂಬುತ್ತಾರೆ. ನಮ್ಮ ಸಂತೆಯ ಪುದೀನದಲ್ಲಿ ಮೆಂಥಾಲ್ ಕಡಿಮೆ, ಅದರ ಗುಣವೆಲ್ಲ ಘಮದಲ್ಲೇ ಇದೆ. ತಂಪಿಗೆ ಐಸ್ ಹಾಕಿದ ಮಜ್ಜಿಗೆಯೇ ಮೇಲು.

ಸಾಸಿವೆಯ ವಿಷಯ ತುಸು ವಿವರವಾಗಿ ಹೇಳಬೇಕು. ಎಣ್ಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಚುರುಕಿರುವುದಿಲ್ಲ. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದಾಗ ಕಾಳಿನೊಳಗಿನ ಕಿಣ್ವ ಕೆಲಸ ಮಾಡಿ ಆ ನೆತ್ತಿಗೇರುವ ವಸ್ತು ಹುಟ್ಟುತ್ತದೆ. ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ, ಬೇಗ ಹುಳಿ ಬೆರೆಸಿದರೂ ಅದರ ಕೆಲಸ ತಗ್ಗುತ್ತದೆ. ಮಲೆನಾಡಿನ ಸೌತೆಕಾಯಿ ಸಾಸಿವೆ ಮಾಡುವವರಿಗೆ ಇದು ಕೈಗೆ ಬಂದ ವಿದ್ಯೆ. ಒಂದು ಚಮಚ ಸಾಸಿವೆ, ಅರ್ಧ ಬಟ್ಟಲು ಕಾಯಿತುರಿ, ಒಂದು ಹಸಿಮೆಣಸು ನೀರು ಹಾಕಿ ಅರೆಯಿರಿ, ಹತ್ತು ನಿಮಿಷ ಬಿಡಿ, ಆಮೇಲೆ ಗಟ್ಟಿ ಮೊಸರು, ಹೆಚ್ಚಿದ ಸೌತೆಕಾಯಿ ಬೆರೆಸಿ. ಒಲೆಗೆ ತೋರಿಸಬೇಡಿ. ವರ್ಷಗಟ್ಟಲೆ ಏನೂ ಹೇಳದ ಮೂಗಿನ ಮೂಲೆಯಲ್ಲಿ ಜುಮ್ಮೆನ್ನುವುದು ಇದರಿಂದ ಸಿಗುತ್ತದೆ. ವಾಸನೆ ಬಂತೆಂದು ಹಿಗ್ಗಬೇಡಿ, ಅದು ಆ ಬೇರೆ ನರದ ಕೆಲಸ. ಆದರೂ ಊಟಕ್ಕೆ ಜೀವ ಬರುತ್ತದೆ.

ಮೊಸರನ್ನವನ್ನೂ ಹೀಗೆಯೇ ಕಟ್ಟಬಹುದು. ಅನ್ನ, ಮೊಸರು ಎರಡೂ ತಣ್ಣಗೆ. ದಾಳಿಂಬೆ ಕಾಳು, ಸೌತೆಕಾಯಿ, ಹಸಿ ಶುಂಠಿಯ ಸಣ್ಣ ಚೂರು, ಹುರಿದ ಶೇಂಗಾ. ಕರಿದ ಮಜ್ಜಿಗೆ ಮೆಣಸಿನಕಾಯಿ ಎರಡನ್ನು ಕೊನೆಗೆ ಮುರಿದು ಮೇಲೆ. ಉಪ್ಪು, ಕಹಿ, ಖಾರ, ಗರಿಗರಿ ನಾಲ್ಕೂ ಆ ಒಂದು ಮೆಣಸಿನಕಾಯಿಯಲ್ಲಿದೆ. ಇದರ ತುಂಬು ಡಬ್ಬಿ ಇಲ್ಲದ ಮನೆಯಲ್ಲಿ ವಾಸನೆ ಇಲ್ಲದವರು ಇರಲೇಬಾರದು ಎಂದು ಹೇಳಿಬಿಡುತ್ತೇನೆ.

ಖಾರ, ಹುಳಿ ಏರಿಸುವಾಗ ಹೊಟ್ಟೆಯ ಕಡೆಗೂ ನೋಡಿ. ಆಮ್ಲಪಿತ್ತ ಇರುವವರಿಗೆ ಕರಕರವೇ ಮೊದಲ ಆಸರೆ, ಖಾರ ಆಮೇಲೆ. ರಕ್ತದೊತ್ತಡ ಇರುವವರು ಉಪ್ಪಿನಕಾಯಿ, ಸಂಡಿಗೆ, ಹಪ್ಪಳಗಳನ್ನು ಒಂದೇ ತಟ್ಟೆಗೆ ಒಟ್ಟಿಗೆ ತರಬಾರದು. ಹುರಿದ ಶೇಂಗಾ, ಹಸಿ ಮೂಲಂಗಿ, ಕ್ಯಾರೆಟ್, ಸೀಬೆಕಾಯಿ ಉಪ್ಪಿಲ್ಲದೆಯೂ ಸದ್ದು ಮಾಡುತ್ತವೆ.

ಹೊರಗೆ ತರುವುದಾದರೆ

ಹೈದರಾಬಾದಿನಲ್ಲಿ ಕರ್ರಿ ಪಾಯಿಂಟ್‌ಗಳಿಲ್ಲದ ಬಡಾವಣೆಯಿಲ್ಲ. ಅನ್ನ ಮಾತ್ರ ಮನೆಯಲ್ಲಿಟ್ಟು ಪಲ್ಯ, ಸಾರು ಪೊಟ್ಟಣ ಕಟ್ಟಿಸಿಕೊಂಡು ಬರುವ ಈ ಅನುಕೂಲ ಒಂಟಿ ಊಟಕ್ಕೆ ವರವೇ ಸರಿ. ಅಲ್ಲಿ 'ಇಗುರು', 'ಕೂರ' ಎಂದಿರುವುದನ್ನು ಬಿಟ್ಟು 'ವೇಪುಡು' ಕೇಳಿ. ಬೆಂಡೆಕಾಯಿ, ತೊಂಡೆಕಾಯಿ ವೇಪುಡು ಶೇಂಗಾ ಜೊತೆ ಹುರಿದದ್ದಾದರೆ ಮನೆಗೆ ಬಂದ ಮೇಲೂ ಎರಡು ನಿಮಿಷ ಒಣ ಬಾಣಲೆಯಲ್ಲಿ ತಿರುವಿದರೆ ಜೀವ ಬರುತ್ತದೆ. ಮೈಕ್ರೋವೇವ್ ಬೇಡ, ಅದು ಗರಿಗರಿಯನ್ನೆಲ್ಲ ಮೆತ್ತಗೆ ಮಾಡಿಬಿಡುತ್ತದೆ. ಗೋಂಗೂರ ಪಚ್ಚಡಿ ಎಲ್ಲ ಕಡೆ ಸಿಗುತ್ತದೆ, ನಮ್ಮ ಪುಂಡಿಪಲ್ಲೆಯ ಸೊಪ್ಪಿನದೇ. ಅದರ ಹುಳಿ ಸೊಪ್ಪಿನದೇ ಹುಟ್ಟುಗುಣ, ಮೂಗಿನ ಹಂಗಿಲ್ಲ.

ಬಿರಿಯಾನಿ ತಿನ್ನಲೇಬೇಕಾದ ಕಚೇರಿ ಪಾರ್ಟಿಗಳಿರುತ್ತವೆ. ಪೂರ್ತಿ ತಪ್ಪಿಸಬೇಕಿಲ್ಲ. ಮಿರ್ಚಿ ಕಾ ಸಾಲನ್ ಎರಡು ಪಾಲು ಕೇಳಿ. ಅದರಲ್ಲಿ ಎಳ್ಳು, ಶೇಂಗಾ, ಹುಣಸೆಹುಳಿ ಇದೆ, ಇಡಿ ಮೆಣಸಿನಕಾಯಿಯೂ ಇದೆ. ಹಸಿ ಈರುಳ್ಳಿ, ನಿಂಬೆಹೋಳು ಧಾರಾಳವಾಗಿ ಬರಲಿ, ತಣ್ಣನೆಯ ರಾಯತ ಬೇರೆ ಬಟ್ಟಲಲ್ಲಿರಲಿ. ಹಂಡೆಯ ತಳದಲ್ಲಿ ಕೆಂಪಗೆ ಹಿಡಿದ ಅನ್ನ, ಮೇಲಿನ ಹುರಿದ ಈರುಳ್ಳಿ ಬೇಕೆಂದು ನಾಚಿಕೆಯಿಲ್ಲದೆ ಕೇಳಿ. ಹಲೀಮ್ ಮಾತ್ರ ನಿಮಗೆ ಒಲಿಯುವುದು ಕಷ್ಟ. ಗೋಧಿ, ಬೇಳೆ, ಮಾಂಸ ಗಂಟೆಗಟ್ಟಲೆ ಅರೆದು ಒಂದಾದ ಆ ಮುದ್ದೆಯಲ್ಲಿ ಹಲ್ಲಿಗೆ ಏನೂ ಸಿಗುವುದಿಲ್ಲ. ಮೇಲೆ ಹುರಿದ ಗೋಡಂಬಿ, ಈರುಳ್ಳಿ ದಪ್ಪಗೆ ಹೊದಿಸಿ ಒಂದು ಬಟ್ಟಲು ತಿಂದು ಬಿಡುವುದು ಮೇಲು.

ಇಲ್ಲೊಂದು ಎಚ್ಚರಿಕೆ. ವಾಸನೆ ಪೂರ್ತಿ ಇಲ್ಲದವರು ಬೇರೆ, ವಾಸನೆ ತಿರುಚಿ ಬರುವವರು ಬೇರೆ. ಕೋವಿಡ್ ನಂತರ ಚೇತರಿಸಿಕೊಳ್ಳುತ್ತಿರುವ ಕೆಲವರಿಗೆ ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಹುರಿದ ಮಾಂಸ ಕೊಳೆತ ನಾತವಾಗಿ ಬಡಿಯುತ್ತದೆ. ಮೇಲೆ ಹೇಳಿದ ಹುರಿದದ್ದು, ಹಸಿ ಈರುಳ್ಳಿ ಎಲ್ಲ ಅವರಿಗೆ ಶಿಕ್ಷೆ. ಅವರಿಗೆ ತಣ್ಣನೆಯ ಊಟ ಒಳ್ಳೆಯದು, ತಣ್ಣಗಿದ್ದಷ್ಟೂ ಆವಿಯಲ್ಲಿ ಏಳುವ ವಾಸನೆ ಕಡಿಮೆ. ಈರುಳ್ಳಿಯಿಲ್ಲದ ಕೋಸಂಬರಿ, ದಾಳಿಂಬೆಯ ಮೊಸರನ್ನ, ನೆನೆಸಿದ ಅವಲಕ್ಕಿ, ಸೌತೆಕಾಯಿಯಿಂದ ಶುರುಮಾಡಿ ಒಂದೊಂದನ್ನೇ ಸೇರಿಸಿ ನೋಡಬೇಕು. ಇಂಗ್ಲೆಂಡಿನ ರಯಾನ್ ರೈಲಿ ಮತ್ತು ಕಿಂಬರ್ಲಿ ಡ್ಯೂಕ್ 2021ರಲ್ಲಿ ಕೋವಿಡ್‌ನಿಂದ ರುಚಿ, ವಾಸನೆ ಕೆಟ್ಟವರಿಗೆಂದೇ ಅಡುಗೆ ಪುಸ್ತಕವೊಂದನ್ನು ಉಚಿತವಾಗಿ ಹಂಚಿದರು. ಕನ್ನಡದಲ್ಲಿ ಅಂಥದ್ದನ್ನು ಯಾರಾದರೂ ಬರೆಯಬೇಕು. ಸಾಮಗ್ರಿಗೆ ಬರವಿಲ್ಲ.

ವಾಸನೆ ಏಕಾಏಕಿ ಹೋಗಿ ಕೆಲವು ವಾರ ಕಳೆದರೂ ಬಾರದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಕೋಠಿಯಲ್ಲಿ ಇದಕ್ಕೆಂದೇ ಸರ್ಕಾರಿ ಇಎನ್‌ಟಿ ಆಸ್ಪತ್ರೆ ಇದೆ. ಪಾಲಿಪ್‌ನಂಥ ಕಾರಣಕ್ಕೆ ಚಿಕಿತ್ಸೆ ಇದೆ. ವೈರಸ್‌ನಿಂದ ಹೋದದ್ದಕ್ಕೆ ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಮೂಗಿನ ತಾಲೀಮು ಹೆಚ್ಚು ಬಳಕೆಯಲ್ಲಿದೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ದಿನಕ್ಕೆ ಎರಡು ಸಲ, ಕನಿಷ್ಠ 12 ವಾರ. ಎಲ್ಲರಿಗೂ ಫಲಿಸುವುದಿಲ್ಲ, ಖರ್ಚೂ ಇಲ್ಲ.

ಮೂಗು ಕಾಯದ ಅಡುಗೆಮನೆ

ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಕೆಟ್ಟ ನಾತದ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಆ ಕಾವಲುಗಾರ ನಿಮಗಿಲ್ಲ. ಗ್ಯಾಸ್ ಸೋರಿಕೆ ಹೇಳುವ ಅಲಾರಂ ಕೊಂಡು ನೆಲದ ಹತ್ತಿರ ಹಾಕಿಸಿ, ಎಲ್‌ಪಿಜಿ ಗಾಳಿಗಿಂತ ಭಾರವಾಗಿರುವುದರಿಂದ ಕೆಳಗೇ ನಿಲ್ಲುತ್ತದೆ. ಒಬ್ಬರೇ ಇರುವವರಿಗೆ ಇಂಡಕ್ಷನ್ ಒಲೆ ನೆಮ್ಮದಿ. ಸೋರಿಕೆಯ ಅನುಮಾನ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಅನ್ನದ ವಿಷಯದಲ್ಲೂ ಅಷ್ಟೇ ಜಾಗ್ರತೆ. ಬೆಂದ ಅನ್ನ ಹೊರಗಿದ್ದರೆ ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾರಾ 40 ದಾಟುತ್ತದೆ. ಎರಡು ಗಂಟೆಯೊಳಗೆ ತಿನ್ನದ ಅನ್ನವನ್ನು ಫ್ರಿಜ್ಜಿಗೆ ಸೇರಿಸಿ, ಡಬ್ಬಿ ಒಯ್ಯುವುದಾದರೆ ಕಚೇರಿಯ ಫ್ರಿಜ್ಜಿನಲ್ಲೋ ಬಿಸಿ ಆರದ ಹಾಟ್‌ಕೇಸಿನಲ್ಲೋ ಇಡಿ. ಹಳಸಿದೆಯೇ ಎಂದು ನೀವು ಮೂಸಿ ನೋಡುವಂತಿಲ್ಲ, ತಾರೀಖು ನೋಡಬೇಕು.

ಕಚೇರಿಯ ಡ್ರಾಯರಿನಲ್ಲಿ ಹುರಿದ ಶೇಂಗಾ, ಗುರೆಳ್ಳು ಹಿಂಡಿ, ಮಜ್ಜಿಗೆ ಮೆಣಸಿನಕಾಯಿ, ಒಂದು ಪೊಟ್ಟಣ ಖಡಕ್ ರೊಟ್ಟಿ ಇದ್ದರೆ ಎಂಥ ಕ್ಯಾಂಟೀನ್ ಊಟವೂ ಸುಧಾರಿಸುತ್ತದೆ. ಬೇಗಂ ಬಜಾರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಂದು ಶೇಂಗಾ, ಎಳ್ಳನ್ನು ಕಿಲೋಗಟ್ಟಲೆ ತರಬೇಡಿ. ಎಣ್ಣೆಬೀಜಗಳು ಕಮಟು ಹಿಡಿದದ್ದನ್ನು ಮೊದಲು ಹೇಳುವುದು ಮೂಗು, ನಾಲಗೆಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಕಾಲು ಕಿಲೋ ತಂದು, ಹುರಿದು, ಡಬ್ಬಿಯ ಮೇಲೆ ಚೀಟಿ ಅಂಟಿಸಿ ತಾರೀಖು ಬರೆದಿಡಿ. ಮೂರು ವಾರ ದಾಟಿದರೆ ವಾಸನೆ ಬಲ್ಲ ಸಹೋದ್ಯೋಗಿಯ ಕೈಗೆ ಡಬ್ಬಿ ಕೊಟ್ಟು ಮೂಸಿ ನೋಡಲು ಹೇಳಿ. ಅವರು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡರೆ ಚೆನ್ನಾಗಿದೆ ಎಂದರ್ಥ.